ಹಬೆಯ ಮುಂದೆ ಕ್ಯಾಮೆರಾ: ಗೀಸರ್, ಬಿಸಿನೀರಿನ ಬುಗ್ಗೆಯ ಫೋಟೊಗೆ ಏನು ಒಯ್ಯಬೇಕು, ಹೇಗೆ ಅಣಿಯಾಗಬೇಕು

ಬಳ್ಳಾರಿ, ಕೊಪ್ಪಳ, ರಾಯಚೂರಿನಿಂದ ಗೀಸರ್, ಅಂದರೆ ನೆಲದೊಳಗಿಂದ ಕುದಿನೀರು ಚಿಮ್ಮುವ ಬುಗ್ಗೆ, ನೋಡಲು ಹೊರಟವರು ದೂರವೇ ಹೋಗಬೇಕು. ರಾಜ್ಯದೊಳಗೆ ಪುತ್ತೂರು ತಾಲ್ಲೂಕಿನ ಬೆಂದ್ರುತೀರ್ಥ ಇದೆ. ಅಲ್ಲಿ ನೀರು ಉಗುರುಬೆಚ್ಚಗಿರುತ್ತದೆ, ಕುದಿಯುವುದಿಲ್ಲ, ಚಿಮ್ಮುವುದೂ ಇಲ್ಲ. ಕುದಿಯುವ ನೀರು ಬೇಕಾದರೆ ಹಿಮಾಚಲದ ಮಣಿಕರಣ್, ಲಡಾಖಿನ ಪುಗಾ ಕಣಿವೆ. ಮರದೆತ್ತರ ಚಿಮ್ಮುವುದನ್ನು ನೋಡಬೇಕಾದರೆ ಐಸ್‌ಲ್ಯಾಂಡಿನ ಸ್ಟ್ರೊಕ್ಕುರ್, ಅಮೆರಿಕದ ಯೆಲ್ಲೊಸ್ಟೋನ್, ಚಿಲಿ ದೇಶದ ಎಲ್ ತಾತಿಯೊ. (ಬಚ್ಚಲುಮನೆಯ ಗೀಸರ್‌ಗೂ ಈ ಗೀಸರ್‌ಗೂ ಹೆಸರು ಬಂದದ್ದು ಐಸ್‌ಲ್ಯಾಂಡಿನ ಗೇಸಿರ್ ಎಂಬ ಒಂದೇ ಬುಗ್ಗೆಯಿಂದ.) ಅಷ್ಟು ದೂರ, ಅಷ್ಟು ಖರ್ಚು ಮಾಡಿ ಹೋಗಿ, ಲೆನ್ಸಿಗೆ ಮಂಜು ಕಟ್ಟಿದ, ಫೋಕಸ್ ತಪ್ಪಿದ, ಬೂದುಬಣ್ಣದ ಚಿತ್ರಗಳನ್ನು ಹೊತ್ತು ಬರಬಾರದು.

ನಮ್ಮ ಕಡೆ ಲಗ್ನದ ಕೆಲಸ ಮಾಡುವ ಬಹುತೇಕ ಸ್ಟುಡಿಯೊಗಳಲ್ಲಿ ಒಂದು ಫುಲ್‌ಫ್ರೇಮ್ ಕ್ಯಾಮೆರಾ (ಚಿತ್ರ ಹಿಡಿಯುವ ಸೆನ್ಸರ್ ದೊಡ್ಡದಿರುವುದು), 24-70, 70-200 ಮಿ.ಮೀ. ಲೆನ್ಸುಗಳು ಇದ್ದೇ ಇರುತ್ತವೆ. ಹವ್ಯಾಸಿಗಳ ಹತ್ತಿರ ಕ್ರಾಪ್ ಸೆನ್ಸರ್ ಕ್ಯಾಮೆರಾ (ಸೆನ್ಸರ್ ಅದಕ್ಕಿಂತ ಚಿಕ್ಕದು), 18-55 ಕಿಟ್ ಲೆನ್ಸ್ ಇರುತ್ತದೆ. ಎರಡೂ ಸಾಲುತ್ತವೆ. ಈ ಪ್ರವಾಸಕ್ಕೆಂದು ಹೊಸ ಕ್ಯಾಮೆರಾ ಕೊಳ್ಳುವ ಅಗತ್ಯವಿಲ್ಲ. ಹಣ ಹಾಕಬೇಕಾದ್ದು ಲೆನ್ಸಿನ ಮುಂದಿನ ಗಾಜಿಗೆ, ಕ್ಯಾಮೆರಾದ ಮೇಲಿನ ಹೊದಿಕೆಗೆ, ಒರೆಸುವ ಬಟ್ಟೆಗೆ. ಸಮಯ ಹಾಕಬೇಕಾದ್ದು ಊರಲ್ಲೇ ಹಬೆಯ ಮುಂದೆ ನಿಂತು ಕೈ ಪಳಗಿಸಿಕೊಳ್ಳುವುದಕ್ಕೆ.

ಮೊದಲ ಹೆಜ್ಜೆ: ದೂರ ಮತ್ತು ಎತ್ತರದ ಲೆಕ್ಕ

ಯಾವ ಲೆನ್ಸ್ ಬೇಕೆಂದು ಮನೆಯಲ್ಲೇ ಕೂತು ಲೆಕ್ಕ ಹಾಕಬಹುದು. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದಾಗ ಫುಲ್‌ಫ್ರೇಮ್ ಸೆನ್ಸರಿನ ಎತ್ತರ 36 ಮಿ.ಮೀ. ಅದರಲ್ಲಿ ಮೂರನೇ ಎರಡು ಭಾಗ, ಅಂದರೆ 24 ಮಿ.ಮೀ., ನೀರಿನ ಕಂಬಕ್ಕೆ ಇಟ್ಟುಕೊಳ್ಳಿ. ಉಳಿದದ್ದು ನೆಲಕ್ಕೆ ಮತ್ತು ಮೇಲಿನ ಹಬೆಗೆ. ಈ 24ನ್ನು ನೀವು ನಿಲ್ಲುವ ದೂರದಿಂದ ಗುಣಿಸಿ, ನೀರು ಚಿಮ್ಮುವ ಎತ್ತರದಿಂದ ಭಾಗಿಸಿ. ಬಂದ ಸಂಖ್ಯೆಯೇ ಬೇಕಾದ ಫೋಕಲ್ ಲೆಂತ್, ಅಂದರೆ ಲೆನ್ಸಿನ ಮೇಲೆ ಬರೆದಿರುವ ಮಿ.ಮೀ. ಸಂಖ್ಯೆ; ಅದು ಚಿಕ್ಕದಾದಷ್ಟೂ ನೋಟ ಅಗಲ. ಕ್ರಾಪ್ ಸೆನ್ಸರ್ ಆದರೆ 24ರ ಬದಲು 16 ಹಾಕಿ. ಕೆನಾನ್ ಕ್ರಾಪ್ ಆದರೆ 15.

ಯೆಲ್ಲೊಸ್ಟೋನಿನ ಓಲ್ಡ್ ಫೇತ್‌ಫುಲ್ 32ರಿಂದ 56 ಮೀಟರ್‌ವರೆಗೆ ಚಿಮ್ಮುತ್ತದೆ. 50 ಮೀಟರ್ ಎಂದುಕೊಂಡು ನೂರು ಮೀಟರ್ ದೂರದಿಂದ ತೆಗೆದರೆ ಫುಲ್‌ಫ್ರೇಮಿಗೆ 48 ಮಿ.ಮೀ., ಕ್ರಾಪಿಗೆ 32 ಮಿ.ಮೀ. ಸ್ಟ್ರೊಕ್ಕುರ್ ಸಾಮಾನ್ಯವಾಗಿ 15ರಿಂದ 20 ಮೀಟರ್, ಕೆಲವೊಮ್ಮೆ 40 ಮೀಟರ್. ಅಲ್ಲಿ 25 ಮೀಟರ್ ದೂರದಲ್ಲಿ ನಿಂತರೆ 20 ಮೀಟರಿನ ಚಿಮ್ಮಿಗೆ ಫುಲ್‌ಫ್ರೇಮಿನಲ್ಲಿ 30 ಮಿ.ಮೀ., ಕ್ರಾಪಿನಲ್ಲಿ 20 ಮಿ.ಮೀ. ಬೇಕು. ಆದರೆ ಯಾವ ಚಿಮ್ಮು ದೊಡ್ಡದಾಗುತ್ತದೆಂದು ಮೊದಲೇ ಗೊತ್ತಾಗುವುದಿಲ್ಲ. ಆದ್ದರಿಂದ ಲೆಕ್ಕಕ್ಕಿಂತ ಒಂದು ಹೆಜ್ಜೆ ಅಗಲಕ್ಕೇ ಇಡಿ: ಫುಲ್‌ಫ್ರೇಮಿನಲ್ಲಿ 24, ಕ್ರಾಪಿನಲ್ಲಿ 18. ತುದಿ ಕತ್ತರಿಸಿಹೋದ ಗೀಸರನ್ನು ಆಮೇಲೆ ಸರಿಪಡಿಸಲು ಬರುವುದಿಲ್ಲ. ಸುತ್ತ ಜಾಗ ಉಳಿದಿದ್ದರೆ ಕ್ರಾಪ್ ಮಾಡಿಕೊಳ್ಳಬಹುದು.

ಇದನ್ನು ಊರಿನ ನೀರಿನ ಓವರ್‌ಹೆಡ್ ಟ್ಯಾಂಕಿನ ಮುಂದೆ ಪರೀಕ್ಷಿಸಿ ನೋಡಿ. ಹೆಜ್ಜೆ ಹಾಕಿ ದೂರ ಅಳೆಯಿರಿ, ಲೆಕ್ಕ ಮಾಡಿ, ಜೂಮ್ ಅಲ್ಲಿಗೆ ತಿರುಗಿಸಿ. ಎರಡು ಸಲ ಮಾಡಿದರೆ ಅಂದಾಜು ಕೈಗೆ ಕೂರುತ್ತದೆ.

ಬಣ್ಣದ ಕೊಳಗಳ ಲೆಕ್ಕ ಬೇರೆ. ಯೆಲ್ಲೊಸ್ಟೋನಿನ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಬುಗ್ಗೆ ಅಡ್ಡಕ್ಕೆ ಸುಮಾರು 110 ಮೀಟರ್ ಇದೆ. ಅದರ ಪಕ್ಕದ ಮರದ ಹಲಗೆ ದಾರಿಯಲ್ಲಿ ನಿಂತರೆ ಎಷ್ಟೇ ಅಗಲದ ಲೆನ್ಸ್ ಹಾಕಿದರೂ ಹಬೆ ಮತ್ತು ಅಂಚಿನ ಒಂದು ಬಣ್ಣದ ಗೆರೆ ಅಷ್ಟೇ ಸಿಗುತ್ತದೆ. ಪೂರ್ತಿ ಉಂಗುರ ಬೇಕಾದರೆ 2017ರಲ್ಲಿ ತೆರೆದ ಗುಡ್ಡದ ಮೇಲಿನ ನೋಟದ ಕಟ್ಟೆಗೆ ಹತ್ತಬೇಕು. ಅಲ್ಲಿಂದ 24-70 ಸಾಕು. ಹಲಗೆ ದಾರಿಯ ಅಂಚಿನಲ್ಲಿರುವ ಕಿತ್ತಳೆ, ಕಂದು ಪೊರೆಗಳ ವಿನ್ಯಾಸಕ್ಕೆ 70-200 ಅಥವಾ ಹತ್ತಿರ ಫೋಕಸ್ ಆಗುವ 70-300 ಚೆನ್ನ. ಈ ಬಣ್ಣಗಳು ಬಿಸಿನೀರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳವು. ನಡುವೆ ನೀರು ಅವಕ್ಕೆ ಬದುಕಲಾರದಷ್ಟು ಬಿಸಿ, ಅದಕ್ಕೇ ಬರೀ ನೀಲಿ. ಅಂಚಿಗೆ ತಣ್ಣಗಾದಂತೆ ಹಳದಿ, ಕಿತ್ತಳೆ, ಕಂದು. ಬಣ್ಣದ ಗೆರೆ ಎಲ್ಲಿ ಬದಲಾಗುತ್ತದೋ ಅಲ್ಲಿ ಉಷ್ಣತೆ ಬದಲಾಗಿದೆ ಎಂದು ತಿಳಿದು ನೋಡಿದರೆ ಚೌಕಟ್ಟು ಎಲ್ಲಿ ಇಡಬೇಕೆಂಬುದು ತಾನಾಗಿ ಹೊಳೆಯುತ್ತದೆ.

ಎರಡನೆಯದು: ಕ್ಯಾಮೆರಾ ಮತ್ತು ಕಾರ್ಡ್

ಕ್ಯಾಮೆರಾದ ಕೈಪಿಡಿ ತೆರೆದು ಬಳಕೆಯ ಉಷ್ಣತೆ ಎಂಬ ಸಾಲು ನೋಡಿ. ಹೆಚ್ಚಿನವುಗಳಲ್ಲಿ 0ರಿಂದ 40 ಡಿಗ್ರಿ ಸೆಲ್ಸಿಯಸ್ ಎಂದಿರುತ್ತದೆ. ಬಳ್ಳಾರಿಯ ಮೇ ತಿಂಗಳ ಮಧ್ಯಾಹ್ನ ಆ ಮಿತಿ ದಾಟಿಯೇ ಕೆಲಸ ಮಾಡುತ್ತೇವೆ, ಆದ್ದರಿಂದ ಬಿಸಿಯ ಅಭ್ಯಾಸ ನಮಗೂ ನಮ್ಮ ಕ್ಯಾಮೆರಾಗಳಿಗೂ ಇದೆ. ಹಬೆಯ ತೊಂದರೆ ಬಿಸಿಗಿಂತ ತೇವದ್ದು. ನೀರಿನ ಹನಿ ಸೀಲಿನ ಹೊರಗೇ ನಿಲ್ಲಬಹುದು, ಹಬೆ ಮಾತ್ರ ಸಣ್ಣ ಸಂದಿಯಲ್ಲೂ ನುಸುಳಿ ಒಳಗೆ ತಣ್ಣಗಾಗಿ ನೀರಾಗುತ್ತದೆ.

ಲೆನ್ಸ್ ಬಿಚ್ಚಿ ಅದರ ಲೋಹದ ಮೌಂಟಿನ ಸುತ್ತ ನೋಡಿ. ತೆಳು ರಬ್ಬರ್ ಉಂಗುರ ಇದ್ದರೆ ಅದು ಸೀಲ್ ಆದ ಲೆನ್ಸ್. 18-55 ಕಿಟ್ ಲೆನ್ಸುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕೆನಾನಿನ ಕೆಲವು ಎಲ್ (ದುಬಾರಿ ಸಾಲಿನ) ಲೆನ್ಸುಗಳಲ್ಲಿ ಮುಂದೆ ಫಿಲ್ಟರ್ ಹಾಕಿದ ಮೇಲಷ್ಟೇ ಸೀಲ್ ಪೂರ್ಣವಾಗುತ್ತದೆ. ಜೂಮ್ ಮಾಡಿದಾಗ ಉದ್ದ ಚಾಚುವ ಲೆನ್ಸುಗಳು ಪಂಪಿನ ಹಾಗೆ ಗಾಳಿಯನ್ನು ಒಳಗೆಳೆಯುತ್ತವೆ. ಸಂಡೂರಿನ ಕೆಂಪು ಅದಿರು ಧೂಳು, ಎರೆಹೊಲದ ಕರಿ ಧೂಳು ಲೆನ್ಸಿನೊಳಗೆ ಸೇರುವುದು ಹೀಗೇ, ಹಬೆಯೂ ಹಾಗೇ ಸೇರುತ್ತದೆ. ಹಬೆಯ ನಡುವೆ ನಿಂತಾಗ ಜೂಮ್ ತಿರುಗಿಸುವುದನ್ನು ಆದಷ್ಟು ಕಡಿಮೆ ಮಾಡಿ. ಲೆನ್ಸ್ ಬದಲಿಸುವ ಕೆಲಸವನ್ನಂತೂ ಅಲ್ಲಿ ಮಾಡಲೇಬೇಡಿ. ಎರಡು ಕ್ಯಾಮೆರಾ ಇದ್ದರೆ ಒಂದಕ್ಕೆ ಅಗಲದ್ದು, ಇನ್ನೊಂದಕ್ಕೆ 70-200 ಹಾಕಿ ಬಿಡಿ.

ಸ್ಟ್ರೊಕ್ಕುರ್ ಚಿಮ್ಮುವ ಮುಂಚೆ ಕೊಳದ ನೀರು ಏರಿಳಿದು, ಆಮೇಲೆ ನೀಲಿ ಗುಮ್ಮಟದಂತೆ ಉಬ್ಬುತ್ತದೆ. ಒಂದು ಸೆಕೆಂಡೂ ಇರದ ಆ ಗುಮ್ಮಟವೇ ಅಲ್ಲಿನ ಅತಿ ಚೆಂದದ ಚಿತ್ರ. ಕಣ್ಣಿಗೆ ಕಂಡ ಮೇಲೆ ಬೆರಳು ಒತ್ತಿದರೆ ತಡವಾಗುತ್ತದೆ. ಶಟರ್ ಒತ್ತುವ ಮುಂಚಿನ ಕ್ಷಣಗಳನ್ನೂ ಉಳಿಸುವ ಸೌಲಭ್ಯ ನಿಮ್ಮ ಕ್ಯಾಮೆರಾದಲ್ಲಿದೆಯೇ ನೋಡಿ. ಒಎಂ-1 ಕ್ಯಾಮೆರಾದಲ್ಲಿ ಇದು ರಾ ಫೈಲಿನಲ್ಲೇ (ಸೆನ್ಸರ್ ಹಿಡಿದದ್ದನ್ನು ಸಂಸ್ಕರಿಸದೆ ಇಡುವ ಫೈಲ್) ಸಿಗುತ್ತದೆ. ಕೆನಾನ್ ಆರ್7ರಲ್ಲಿ ಅರ್ಧ ಸೆಕೆಂಡಿನಷ್ಟು ಹಿಂದಿನದು ಸಿಗುತ್ತದೆ. ನಿಕಾನ್ ಝಡ್8, ಝಡ್9ರಲ್ಲಿ ಜೆಪೆಗ್ ಮಾತ್ರ. ಇಲ್ಲದಿದ್ದವರು ನೀರಿನ ಮಟ್ಟ ಏರಿಳಿಯುವುದು ಜೋರಾದ ಕೂಡಲೇ ಒತ್ತಿ ಹಿಡಿಯಬೇಕು. ಐದಾರು ಸಲ ತಪ್ಪುತ್ತದೆ. ಐದರಿಂದ ಹತ್ತು ನಿಮಿಷಕ್ಕೊಮ್ಮೆ ಚಿಮ್ಮುವುದರಿಂದ ಮತ್ತೆ ಮತ್ತೆ ಅವಕಾಶ ಸಿಗುತ್ತದೆ.

ಒತ್ತಿ ಹಿಡಿದರೆ ಕಾರ್ಡಿನ ವೇಗ ಲೆಕ್ಕಕ್ಕೆ ಬರುತ್ತದೆ. ಸೆಕೆಂಡಿಗೆ 10 ಚಿತ್ರ, 5 ಸೆಕೆಂಡ್, ಒಂದೊಂದು ರಾ ಫೈಲ್ 30 ಎಂಬಿ ಎಂದರೆ 1,500 ಎಂಬಿ. ಸೆಕೆಂಡಿಗೆ 90 ಎಂಬಿ ಬರೆಯುವ ಕಾರ್ಡಿಗೆ ಇದನ್ನು ಮುಗಿಸಲು ಸುಮಾರು 17 ಸೆಕೆಂಡ್ ಬೇಕು. 250 ಎಂಬಿಯದಕ್ಕೆ 6 ಸೆಕೆಂಡ್. ಬಫರ್ (ಕಾರ್ಡಿಗೆ ಹೋಗುವ ಮುಂಚೆ ಚಿತ್ರಗಳು ನಿಲ್ಲುವ ಜಾಗ) ತುಂಬಿದ ಕ್ಯಾಮೆರಾ ನಿಂತುಬಿಟ್ಟಾಗಲೇ ಎರಡನೇ ಚಿಮ್ಮು ಬರುವುದುಂಟು. ಕಾರ್ಡ್ ಕೊಳ್ಳುವಾಗ ದೊಡ್ಡಕ್ಷರದಲ್ಲಿ ಬರೆದಿರುವುದು ಓದುವ ವೇಗ. ನಿಮಗೆ ಬೇಕಾದ್ದು ಬರೆಯುವ ವೇಗ, ಅದನ್ನು ಕೇಳಿ ತಿಳಿದುಕೊಳ್ಳಿ.

ಮೊಬೈಲ್ ಒಯ್ಯುವವರಿಗೆ ಒಂದು ಎಚ್ಚರಿಕೆ. ನೀರು ತಡೆಯುವ ದರ್ಜೆಯಾಗಿ ಬರೆದಿರುವ ಐಪಿ68 ಎಂದರೆ ಸಾಮಾನ್ಯ ಸಿಹಿನೀರಿನಲ್ಲಿ ಮುಳುಗಿಸಿ ಮಾಡಿದ ಪರೀಕ್ಷೆ. ಬಿಸಿ ಹಬೆಗೆ ಅದು ಭರವಸೆ ಅಲ್ಲ.

ಮೂರನೆಯದು: ಲೆನ್ಸಿನ ಮುಂದಿನ ಗಾಜು

ಇಲ್ಲಿ ಹಣ ಉಳಿಸಬೇಡಿ. ನಮ್ಮ ಬೋರ್‌ವೆಲ್ ನೀರು ಸ್ಟೀಲ್ ಚೊಂಬಿನ ಮೇಲೆ ಒಣಗಿದರೆ ಬಿಳಿ ಕಲೆ ಉಳಿಯುತ್ತದಲ್ಲ, ಗೀಸರಿನ ಹನಿ ಗಾಜಿನ ಮೇಲೆ ಒಣಗಿದರೂ ಹಾಗೆಯೇ ಬಿಳಿ ಉಂಗುರ ಉಳಿಯುತ್ತದೆ. ನೋಡಲು ಒಂದೇ ತರಹ ಇದ್ದರೂ ವಸ್ತು ಬೇರೆ. ಚೊಂಬಿನ ಮೇಲಿನದು ಸುಣ್ಣದಂಶ. ಹುಣಸೆಹಣ್ಣು, ನಿಂಬೆಹುಳಿ ಹಚ್ಚಿ ತಿಕ್ಕಿದರೆ ಹೋಗುತ್ತದೆ. ಗೀಸರಿನ ನೀರಿನಲ್ಲಿ ಕರಗಿರುವುದು ಮುಖ್ಯವಾಗಿ ಸಿಲಿಕಾ, ಅಂದರೆ ಗಾಜಿನದೇ ಮೂಲವಸ್ತು. ಒಣಗಿ ಗಟ್ಟಿಯಾದರೆ ಹುಳಿಗೆ ಬಗ್ಗುವುದಿಲ್ಲ, ತಿಕ್ಕಿದರೆ ಲೆನ್ಸಿನ ಲೇಪವೇ ಕೀಳುತ್ತದೆ. ಅದು ಕೂರಬೇಕಾದ್ದು ಬದಲಿಸಬಹುದಾದ ಫಿಲ್ಟರಿನ ಮೇಲೆ, ಲಕ್ಷ ರೂಪಾಯಿಯ ಲೆನ್ಸಿನ ಮೇಲಲ್ಲ.

ಹೀಗೆ ಜೋಡಿಸಿಕೊಳ್ಳಿ. ಹೆಚ್ಚು ಬಳಸುವ ಲೆನ್ಸಿಗೆ ಲೇಪವಿರುವ ಯುವಿ ಅಥವಾ ಕ್ಲಿಯರ್ ಫಿಲ್ಟರ್ ಎರಡು: ಒಂದು ಹಾಕಿಕೊಂಡಿರಲು, ಒಂದು ಚೀಲದಲ್ಲಿ. ಮೊದಲನೆಯದರ ಮೇಲೆ ಹನಿ ಬಿದ್ದು ಚಿಮ್ಮು ಇನ್ನೂ ನಡೆದಿದ್ದರೆ, ಒರೆಸುತ್ತ ಕೂರದೆ ಅದನ್ನು ಬಿಚ್ಚಿ ಎರಡನೆಯದರಲ್ಲಿ ಮುಂದುವರಿಸಿ. ಬಿಚ್ಚಿದ್ದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ, ಒಣಗಲು ಬಿಡಬೇಡಿ. ಬಿಸಿಗೆ ಫಿಲ್ಟರ್ ಲೆನ್ಸಿಗೆ ಕಚ್ಚಿಕೊಂಡರೆ ಅಗಲದ ರಬ್ಬರ್ ಬ್ಯಾಂಡ್ ಸುತ್ತಿ, ಹಗುರ ಕೈಯಲ್ಲಿ ತಿರುಗಿಸಿ. ಗಟ್ಟಿಯಾಗಿ ಹಿಡಿದಷ್ಟೂ ಉಂಗುರ ಬಾಗಿ ಇನ್ನಷ್ಟು ಕಚ್ಚುತ್ತದೆ.

ಮೂರನೆಯದು ಪೋಲರೈಸರ್, ಅಂಗಡಿಯವರು ಸಿಪಿಎಲ್ ಎನ್ನುವುದು. ಬಣ್ಣದ ಕೊಳಗಳಿಗೆ ಇದು ಬೇಕೇ ಬೇಕು. ಇದಿಲ್ಲದೆ ನೀರಿನ ಮೇಲೆ ಆಕಾಶದ ಬಿಳಿ ಹೊಳಪು ಕೂತು ಕೆಳಗಿನ ಬಣ್ಣ ಮುಚ್ಚಿಹೋಗುತ್ತದೆ. ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಇಳಿಜಾರಿನಲ್ಲಿ ನೋಡಿದಾಗ ಇದರ ಪರಿಣಾಮ ಅತಿ ಹೆಚ್ಚು. ನೇರ ಮೇಲಿಂದ ನೋಡಿದರೆ ಪರಿಣಾಮ ಇಲ್ಲವೇ ಇಲ್ಲ. ಒಂದೂವರೆ ಸ್ಟಾಪಿನಷ್ಟು ಬೆಳಕು ತಿನ್ನುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು), ಅಷ್ಟು ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಿಕೊಳ್ಳಿ. ಎರಡು ಕಡೆ ಇದು ಕೈಕೊಡುತ್ತದೆ: 20 ಮಿ.ಮೀ.ಗಿಂತ ಅಗಲದ ಲೆನ್ಸಿನಲ್ಲಿ ಆಕಾಶದ ಒಂದು ಭಾಗ ಕಡುನೀಲಿ, ಒಂದು ಭಾಗ ಪೇಲವ ಆಗುತ್ತದೆ. ತುಂತುರಿನಲ್ಲಿ ಕಾಮನಬಿಲ್ಲು ಮೂಡಿದಾಗ ಫಿಲ್ಟರ್ ತಪ್ಪು ಕೋನದಲ್ಲಿದ್ದರೆ ಬಿಲ್ಲೇ ಮಾಯವಾಗುತ್ತದೆ. ಕಣ್ಣಿಗೆ ಕಂಡ ಬಿಲ್ಲು ಕ್ಯಾಮೆರಾದಲ್ಲಿ ಕಾಣದಿದ್ದರೆ ಮೊದಲು ಫಿಲ್ಟರನ್ನು ಕಾಲು ಸುತ್ತು ತಿರುಗಿಸಿ ನೋಡಿ.

ಬೆಳಕು ಕಡಿಮೆ ಮಾಡುವ ಗಾಢ ಗಾಜು, ಎನ್‌ಡಿ ಫಿಲ್ಟರ್, ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಲಪಾತದ ರೇಷ್ಮೆ ನೀರಿನ ಚಿತ್ರಕ್ಕೆ ಚೆನ್ನ. ಗೀಸರಿನ ಮೇಲೆ ಉದ್ದ ಎಕ್ಸ್‌ಪೋಷರ್ ಕೊಟ್ಟರೆ ನೀರಿನ ಕಂಬ ಹತ್ತಿಯ ಮೂಟೆಯಂತೆ ಆಗುತ್ತದೆ. ಕೊಳದ ಅಂಚಿನಿಂದ ಹರಿಯುವ ತೆಳು ನೀರಿಗೆ 6 ಸ್ಟಾಪಿನದೊಂದು ಇದ್ದರೆ ಸಾಕು.

ಫಿಲ್ಟರುಗಳನ್ನು ನಿಮ್ಮ ಅತಿ ದೊಡ್ಡ ಲೆನ್ಸಿನ ಅಳತೆಗೆ (77 ಅಥವಾ 82 ಮಿ.ಮೀ.) ಕೊಂಡು ಸಣ್ಣ ಲೆನ್ಸಿಗೆ ಸ್ಟೆಪ್-ಅಪ್ ರಿಂಗ್ ಹಾಕುವುದು ಅಗ್ಗದ ದಾರಿ. ಆದರೆ ರಿಂಗ್ ಹಾಕಿದರೆ ಆ ಲೆನ್ಸಿನ ಹುಡ್ (ಮುಂದೆ ಚಾಚುವ ಮರೆ) ಕೂರುವುದಿಲ್ಲ. ತುಂತುರಿನಲ್ಲಿ ಹುಡ್ಡೇ ಮೊದಲ ಕೊಡೆ. ಹಾಗಾಗಿ ಕ್ಲಿಯರ್ ಫಿಲ್ಟರ್ ಮಾತ್ರ ಆಯಾ ಲೆನ್ಸಿನ ಸರಿಯಳತೆಯದನ್ನೇ ತೆಗೆದುಕೊಳ್ಳಿ.

ನಾಲ್ಕನೆಯದು: ಹೊದಿಕೆ, ಬಟ್ಟೆ, ನೀರು

ರೇನ್ ಕವರ್ ಇದ್ದರೆ ಸರಿ. ಇಲ್ಲದಿದ್ದರೆ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ ಚೀಲದ ತಳಕ್ಕೆ ಲೆನ್ಸ್ ಹುಡ್ಡಿನಷ್ಟು ತೂತು ಮಾಡಿ, ಹುಡ್ಡಿನ ಮೇಲೆ ಎಳೆದು ರಬ್ಬರ್ ಬ್ಯಾಂಡ್ ಹಾಕಿ. ಹಿಂದಿನ ಬಾಯಿ ತೆರೆದೇ ಇರಲಿ. ಪೂರ್ತಿ ಕಟ್ಟಿದರೆ ನಿಮ್ಮ ಕೈಯ ಬೆವರು, ಉಸಿರು ಒಳಗೇ ಉಳಿದು ಹಿಂದಿನ ಸ್ಕ್ರೀನಿಗೆ ಮಂಜು ಕಟ್ಟುತ್ತದೆ.

ಮೈಕ್ರೋಫೈಬರ್ ಬಟ್ಟೆ ಕನಿಷ್ಠ ನಾಲ್ಕು ಬೇಕು. ಎರಡು ಒದ್ದೆ ಕೆಲಸಕ್ಕೆ, ಎರಡು ಒಣ ಕೆಲಸಕ್ಕೆ, ಬೇರೆ ಬೇರೆ ಬಣ್ಣದವು. ಬೇರೆ ಬೇರೆ ಜಿಪ್ ಚೀಲದಲ್ಲಿ. ಹೆಗಲ ಮೇಲಿನ ಟವೆಲ್, ಅಂಗಿಯ ಅಂಚು ಬೇಡ. ನಮ್ಮ ಕಡೆಯ ಧೂಳು ಅದರ ಎಳೆಎಳೆಯಲ್ಲಿ ಇರುತ್ತದೆ.

ತೊಳೆಯುವ ನೀರು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ, ಕಡಿಮೆ ಬೆಲೆ, ಒಣಗಿದರೆ ಕಲೆ ಇಲ್ಲ. ಆದರೆ ಅದೇ ಕಪಾಟಿನಲ್ಲಿ ಬ್ಯಾಟರಿ ಆ್ಯಸಿಡ್ ಬಾಟಲಿಯೂ ಇರುತ್ತದೆ. ಸೀಲ್ ಒಡೆಯದ, ಲೇಬಲ್ ಇರುವ ಬಾಟಲಿಯನ್ನೇ ಓದಿ ತೆಗೆದುಕೊಳ್ಳಿ. ಬಿಡಿಯಾಗಿ ಸುರಿದು ಕೊಟ್ಟದ್ದು ಬೇಡ. ಮೂಗಿಗೆ ಹಾಕುವ ಔಷಧದಂಥ ಸಣ್ಣ ಸ್ಪ್ರೇ ಬಾಟಲಿಗೆ, ಹೊಸದನ್ನೇ ಕೊಂಡು, ತುಂಬಿಕೊಳ್ಳಿ.

ಹನಿ ಬಿದ್ದರೆ ಕ್ರಮ ಇದು: ಮೊದಲು ಬ್ಲೋವರಿನಿಂದ ಊದಿ ದೊಡ್ಡ ಹನಿ ಹಾರಿಸಿ. ಆಮೇಲೆ ಒದ್ದೆ ಬಟ್ಟೆ ಒತ್ತಿ ಎತ್ತಿ, ಉಜ್ಜಬೇಡಿ. ಕೊನೆಗೆ ಒಣ ಬಟ್ಟೆ ನಡುವಿನಿಂದ ಅಂಚಿಗೆ. ಇದೆಲ್ಲ ಒಂದು ನಿಮಿಷದೊಳಗೆ ಆಗಬೇಕು. ಎಲ್ ತಾತಿಯೊ, ಪುಗಾದಂಥ ಒಣಹವೆಯ ಎತ್ತರದಲ್ಲಿ ಹನಿ ಬಹಳ ಬೇಗ ಒಣಗುತ್ತದೆ.

ಮಂಜಿನ ವಿಷಯ ಬೇರೆ. ಗಾಜು ತಣ್ಣಗಿದ್ದು ಸುತ್ತ ಬಿಸಿ ತೇವ ಇದ್ದರೆ ಮಂಜು ಕಟ್ಟುತ್ತದೆ. ಎ.ಸಿ. ರೂಮಿನಿಂದ ಹೊರಗೆ ಬಂದ ಕನ್ನಡಕದ ಹಾಗೆ. ಹಬೆಯ ಜಾಗದಲ್ಲಿ ಇದನ್ನು ಗುರುತಿಸುವುದು ಕಷ್ಟ, ಏಕೆಂದರೆ ಸ್ಕ್ರೀನಿನಲ್ಲಿ ಗಾಜಿನ ಮೇಲಿನ ಮಂಜೂ ಎದುರಿನ ಹಬೆಯೂ ಒಂದೇ ತರಹ ಬಿಳಿ. ಗುರುತು ಇದು: ಗಾಳಿ ಬೀಸಿ ಹಬೆ ಸರಿದ ಕ್ಷಣದಲ್ಲಿ ಕರಿ ಬಂಡೆ ಕರ್ರಗೆ ಕಾಣದೆ ಬೂದಿಯಾಗೇ ಉಳಿದರೆ ಮಂಜು ಕೂತಿರುವುದು ನಿಮ್ಮ ಲೆನ್ಸಿನ ಮೇಲೆ. ಆಗ ಒರೆಸಬೇಡಿ, ಒರೆಸಿದಷ್ಟೂ ಮತ್ತೆ ಕಟ್ಟುತ್ತದೆ. ಹಬೆಯಿಂದ ಪಕ್ಕಕ್ಕೆ ಸರಿದು, ಲೆನ್ಸನ್ನು ಎರಡೂ ಅಂಗೈಯಲ್ಲಿ ಹಿಡಿದು ಬೆಚ್ಚಗಾಗಲು ಬಿಡಿ. ಪವರ್‌ಬ್ಯಾಂಕಿಗೆ ಜೋಡಿಸಿ ಲೆನ್ಸಿಗೆ ಸುತ್ತುವ ಹೀಟರ್ ಪಟ್ಟಿ ಸಿಗುತ್ತದೆ. ಚಳಿ ಪ್ರದೇಶಕ್ಕೆ ಹೋಗುವವರಿಗೆ ಅದು ಒಳ್ಳೆಯ ಖರೀದಿ. ಮಂಜು ಗಾಜಿನ ಒಳಬದಿಗೆ ಕಟ್ಟಿದ್ದರೆ ಅಂದಿನ ಕೆಲಸ ನಿಲ್ಲಿಸಿ, ಸಿಲಿಕಾ ಜೆಲ್ ಜೊತೆ ಜಿಪ್ ಚೀಲದಲ್ಲಿ ರಾತ್ರಿಯಿಡೀ ಇಡಿ. ಗಂಗಾವತಿ, ಸಿಂಧನೂರು ಕಡೆಯವರಿಗೆ ಅಕ್ಕಿ ಮೂಟೆಯೇ ಕೈಗೆ ಸಿಗುತ್ತದೆ. ಆದರೂ ಕ್ಯಾಮೆರಾವನ್ನು ಅಕ್ಕಿಯಲ್ಲಿ ಹೂಳಬೇಡಿ. ಅದರ ಹುಡಿ ಸಂದಿಗಳಿಗೆಲ್ಲ ಸೇರುತ್ತದೆ.

ಟ್ರೈಪಾಡ್ ಬೇಕೇ

ಚಿಮ್ಮುವ ನೀರಿಗೆ ಬೇಡ. ಕೈಯಲ್ಲಿ ಹಿಡಿದರೇ ಸರಸರನೆ ಎತ್ತಿ ತಗ್ಗಿಸಲು ಬರುತ್ತದೆ. ಮುಂಜಾವಿನ ಕೊಳಗಳಿಗೆ, ವಿಡಿಯೊಗೆ ಬೇಕು. ಮರದ ಹಲಗೆ ದಾರಿಯಲ್ಲಿ ಯಾರಾದರೂ ನಡೆದರೆ ಟ್ರೈಪಾಡ್ ನಡುಗುತ್ತದೆ. ಜನ ದಾಟುವವರೆಗೆ ಕಾದು ಒತ್ತಿ. ಮೂರೂ ಕಾಲು ಹಲಗೆಯ ಮೇಲೆಯೇ ಇರಬೇಕು, ಒಂದೂ ಆಚೆ ನೆಲಕ್ಕೆ ಇಳಿಯಬಾರದು. ಚೂಪು ಮೊಳೆಯ ಪಾದ ಬಿಚ್ಚಿ ರಬ್ಬರಿನದು ಹಾಕಿ.

ಹೊರಡುವ ಮುಂಚೆ ಊರಲ್ಲೇ ಮೂರು ಪಾಠ

ಮೊದಲ ಪಾಠ ಇಡ್ಲಿ ಹೋಟೆಲಿನಲ್ಲಿ. ಬೆಳಿಗ್ಗೆ ಐದೂವರೆ ಆರಕ್ಕೆ ಮಾಲೀಕರನ್ನು ಕೇಳಿ ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿ. ಮುಚ್ಚಳ ತೆಗೆದ ಕೂಡಲೇ ಹಬೆ ಕಂಬದಂತೆ ಏಳುತ್ತದೆ, ಹತ್ತು ಸೆಕೆಂಡಿನಲ್ಲಿ ತೆಳುವಾಗುತ್ತದೆ. ಆಟೋಫೋಕಸ್ ಅದರ ಮುಂದೆ ಹಿಂದೆ ಮುಂದೆ ಓಡುವುದನ್ನು ಗಮನಿಸಿ: ಹಿಡಿಯಲು ಅದಕ್ಕೊಂದು ಗೆರೆ ಬೇಕು, ಹಬೆಯಲ್ಲಿ ಗೆರೆ ಇಲ್ಲ. ಮುಚ್ಚಳ ತೆಗೆಯುವ ಮುಂಚೆಯೇ ಪಾತ್ರೆಯ ಅಂಚಿಗೆ ಫೋಕಸ್ ಮಾಡಿ ಮ್ಯಾನ್ಯುಯಲ್‌ಗೆ ಹಾಕಿ. ಕಿಟಕಿಯ ಅಥವಾ ಟ್ಯೂಬ್‌ಲೈಟಿನ ಬೆಳಕು ಹಬೆಯ ಹಿಂದಿನಿಂದ ಬರುವಂತೆ ನಿಂತರೆ ಹಬೆಗೆ ಆಕಾರ ಬರುತ್ತದೆ. ಬೆಳಕು ನಿಮ್ಮ ಬೆನ್ನ ಹಿಂದಿದ್ದರೆ ಬರೀ ಬಿಳಿ ಗೋಡೆ. ಹಿಂದೆ ಕಪ್ಪಗಿನ ಗೋಡೆ ಇದ್ದರೆ ಇನ್ನೂ ಚೆನ್ನ. ಗೀಸರಿನ ಮುಂದೆಯೂ ಇದೇ ನಿಯಮ. ಕಪ್ಪು ಗೋಡೆಯ ಬದಲು ಅಲ್ಲಿ ಕಾಡು ಅಥವಾ ನೆರಳಿನ ಗುಡ್ಡ.

ಎರಡನೆಯದು ಕಂಪ್ಲಿ ಕಡೆಯ ಆಲೆಮನೆ. ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆ ಬಿಸಿನೀರಿನ ಕೊಳದಂತೆಯೇ ವರ್ತಿಸುತ್ತದೆ: ಗುಳ್ಳೆ, ನೊರೆ, ಅಂಚಿಗೆ ಬಣ್ಣ ಬದಲಾವಣೆ, ಗಾಳಿಯೊಡನೆ ದಿಕ್ಕು ಬದಲಿಸುವ ಹಬೆ. ಇಲ್ಲಿ ಕಲಿಯಬೇಕಾದ್ದು ಎಕ್ಸ್‌ಪೋಷರ್. ಚೌಕಟ್ಟು ತುಂಬ ಬಿಳಿ ಹಬೆ ಇದ್ದಾಗ ಕ್ಯಾಮೆರಾ ಅದನ್ನು ಬೂದಿ ಮಾಡುತ್ತದೆ. ಎಕ್ಸ್‌ಪೋಷರ್ ಕಾಂಪನ್ಸೇಶನ್ನಿನಲ್ಲಿ ಪ್ಲಸ್ ಮೂರನೇ ಎರಡರಿಂದ ಪ್ಲಸ್ ಒಂದೂ ಮೂರನೇ ಒಂದು ಸ್ಟಾಪಿನವರೆಗೆ ಕೊಡಿ. ಹಬೆಗೆ ನೇರ ಬಿಸಿಲು ಬಿದ್ದರೆ ಇದೇ ಪ್ಲಸ್ ಅದನ್ನು ಸುಟ್ಟು ಬಿಳಿ ಹಾಳೆ ಮಾಡುತ್ತದೆ. ಸ್ಕ್ರೀನಿನಲ್ಲಿ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ಬಲಗೋಡೆಗೆ ತಾಗದಂತೆ, ಅದರ ಹತ್ತಿರ ನಿಲ್ಲಿಸಿ. ಕೊಪ್ಪರಿಗೆಯಿಂದ ದೂರ ಇರಿ. ಬಿಸಿ ಪಾಕ ಚರ್ಮಕ್ಕೆ ಅಂಟುತ್ತದೆ.

ಮೂರನೆಯದು ತುಂಗಭದ್ರಾ ಅಣೆಕಟ್ಟು. ಮಳೆಗಾಲದಲ್ಲಿ ಜಲಾಶಯ ತುಂಬಿ 33 ಕ್ರೆಸ್ಟ್ ಗೇಟುಗಳಲ್ಲಿ ಕೆಲವನ್ನಾದರೂ ತೆರೆದಾಗ, ಕೊಪ್ಪಳ ಜಿಲ್ಲೆಯ ಮುನಿರಾಬಾದ್ ಕಡೆಯಿಂದ ಸಾರ್ವಜನಿಕರಿಗೆ ಬಿಟ್ಟ ಜಾಗದಲ್ಲಿ ನಿಂತು ಶಟರ್ ಸ್ಪೀಡ್ ಕಲಿಯಿರಿ. 1/2000 ಸೆಕೆಂಡಿನಲ್ಲಿ ಹನಿಗಳು ಮುತ್ತಿನಂತೆ ಬಿಡಿಬಿಡಿ; 1/500ರಲ್ಲಿ ಸಣ್ಣ ಬಾಲ; 1/125ರಲ್ಲಿ ಎಳೆಗಳು; 1/15ರಲ್ಲಿ ಮೋಡ. ಗೀಸರಿಗೆ ನಮ್ಮ ಆಯ್ಕೆ 1/1000ದಿಂದ 1/2000. ಕಾಮನಬಿಲ್ಲಿನ ಪಾಠವೂ ಇಲ್ಲೇ. ಸೂರ್ಯ ಬೆನ್ನ ಹಿಂದಿರಬೇಕು, ದಿಗಂತದಿಂದ 42 ಡಿಗ್ರಿಗಿಂತ ಕೆಳಗಿರಬೇಕು. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ. ಸೂರ್ಯ ದಿಗಂತದಿಂದ ನಾಲ್ಕು ಮುಷ್ಟಿಗಿಂತ ಮೇಲಿದ್ದರೆ ಬಯಲಿನಲ್ಲಿ ನಿಂತವರಿಗೆ ಬಿಲ್ಲು ಕಾಣುವುದಿಲ್ಲ. ಇಲ್ಲಿ ಅನುಮತಿಯಿಲ್ಲದೆ ಡ್ರೋನ್ ಬೇಡ, ನೀರಿನಂಚಿಗೂ ಇಳಿಯಬೇಡಿ.

ಆ ಜಾಗ ಮುಟ್ಟಿದ ಮೇಲೆ

ಮೊದಲು ಗಾಳಿ ನೋಡಿ. ಹಬೆ ವಾಲುವ ದಿಕ್ಕಿಗೆ ಎದುರು ಬದಿಯಲ್ಲಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಹಬೆ ವಾಲುವ ಕಡೆ ನಿಂತವರು ನೆನೆಯುತ್ತಾರೆ, ಚಿತ್ರವೂ ಸಿಗುವುದಿಲ್ಲ. ಗಾಳಿ ಬೆನ್ನಿಗೆ, ಸೂರ್ಯ ಪಕ್ಕಕ್ಕೆ ಅಥವಾ ಹಬೆಯ ಹಿಂದಕ್ಕೆ ಇರುವ ಜಾಗ ಹುಡುಕಿ ಕಾಯಿರಿ. ಓಲ್ಡ್ ಫೇತ್‌ಫುಲ್ ಮುಂದೆ ಯಾವಾಗ ಚಿಮ್ಮುತ್ತದೆಂದು ಅಲ್ಲೇ ಬರೆದು ಹಾಕಿರುತ್ತಾರೆ, ಹತ್ತು ನಿಮಿಷ ಆಚೀಚೆ ಆಗಬಹುದು. ಚಿಮ್ಮು ಇರುವುದು ಒಂದೂವರೆಯಿಂದ ಐದು ನಿಮಿಷ. ಒಳ್ಳೆಯ ಜಾಗಕ್ಕೆ ಅರ್ಧ ಗಂಟೆ ಮುಂಚೆ ಹೋಗಿ.

ವೇಳೆಯ ವಿಷಯದಲ್ಲಿ ಎರಡು ದಾರಿ, ಎರಡನ್ನೂ ಒಂದೇ ಹೊತ್ತಿಗೆ ಹಿಡಿಯಲು ಬರುವುದಿಲ್ಲ. ಮುಂಜಾನೆಯ ಚಳಿಗೆ ಹಬೆ ದಟ್ಟ. ಚಿಮ್ಮಿಗೆ, ಹಿಂಬೆಳಕಿನ ಚಿತ್ರಕ್ಕೆ ಅದೇ ಹೊತ್ತು. ಸಮುದ್ರಮಟ್ಟದಿಂದ ಸುಮಾರು 4,300 ಮೀಟರ್ ಎತ್ತರದ ಎಲ್ ತಾತಿಯೊಗೆ ಜನ ನಸುಕಿನಲ್ಲೇ ಹೋಗುವುದು ಇದಕ್ಕೇ, ಬಿಸಿಲೇರಿದಂತೆ ಹಬೆ ತೆಳುವಾಗುತ್ತದೆ. ಬಣ್ಣದ ಕೊಳಗಳಿಗೆ ಅದೇ ದಟ್ಟ ಹಬೆ ಶತ್ರು. ಅವುಗಳಿಗೆ ನಡುಹಗಲು, ಬೆಚ್ಚಗಿನ ದಿನ, ಪೋಲರೈಸರ್. ಲಗ್ನದ ಫೋಟೊದಲ್ಲಿ ಮಧ್ಯಾಹ್ನದ ಬಿಸಿಲು ಬೇಡವೆಂದು ಕಲಿತವರು ಇಲ್ಲಿ ಆ ಪಾಠ ಮರೆಯಬೇಕು.

ಶುರುವಿಗೆ ಈ ಸೆಟ್ಟಿಂಗ್ ಹಾಕಿ: ಎಫ್/8 (ಲೆನ್ಸ್ ತೆರೆಯುವ ಅಳತೆ), 1/1600 ಸೆಕೆಂಡ್, ಐಎಸ್ಒ ಬೆಳಕಿಗೆ ತಕ್ಕಂತೆ, ರಾ ಫೈಲ್. ಬಣ್ಣದ ಛಾಯೆ ಹೊಂದಿಸುವ ವೈಟ್ ಬ್ಯಾಲೆನ್ಸನ್ನು 5,300 ಕೆಲ್ವಿನ್‌ಗೆ ಕಟ್ಟಿಹಾಕಿ. ಆಟೋ ಬಿಟ್ಟರೆ ಕಿತ್ತಳೆ ಪೊರೆಯನ್ನು ಕಂಡು ಕ್ಯಾಮೆರಾ ಚಿತ್ರವನ್ನೆಲ್ಲ ನೀಲಿಗೆ ಎಳೆಯುತ್ತದೆ. ಫುಲ್‌ಫ್ರೇಮಿನಲ್ಲಿ 24 ಮಿ.ಮೀ., ಎಫ್/8 ಇದ್ದಾಗ 2.4 ಮೀಟರಿಗೆ ಫೋಕಸ್ ಮಾಡಿದರೆ ಸುಮಾರು 1.2 ಮೀಟರಿನಿಂದ ಅನಂತದವರೆಗೆ ಎಲ್ಲ ಸ್ಪಷ್ಟ. ಕ್ರಾಪಿನಲ್ಲಿ 16 ಮಿ.ಮೀ.ಗೆ 1.6 ಮೀಟರ್. ಫೋಕಸ್ ಆದಮೇಲೆ ಆ ರಿಂಗಿಗೆ ಒಂದು ತುಂಡು ಟೇಪ್ ಹಚ್ಚಿ.

ಮಣಿಕರಣ್ ಬೇರೆ ತರಹದ ಜಾಗ. ಅಲ್ಲಿ ಬುಗ್ಗೆಯ ನೀರಿನಲ್ಲೇ ಅಕ್ಕಿ, ಬೇಳೆ ಬೇಯಿಸುತ್ತಾರೆ. ಇಕ್ಕಟ್ಟು, ಅರೆಗತ್ತಲು, ಮುಖಕ್ಕೇ ಬರುವ ಹಬೆ. 24 ಮಿ.ಮೀ., ಎಫ್/2.8, ಐಎಸ್ಒ 1600. ಇಡ್ಲಿ ಹೋಟೆಲಿನ ಪಾಠ ಪೂರ್ತಿ ಉಪಯೋಗಕ್ಕೆ ಬರುವುದು ಇಲ್ಲಿ. ಗುರುದ್ವಾರದೊಳಗೆ ತಲೆ ಮುಚ್ಚಿಕೊಳ್ಳಿ. ಕುಂಡದಲ್ಲಿ ಸ್ನಾನ ಮಾಡುವವರ ಕಡೆ ಕ್ಯಾಮೆರಾ ತಿರುಗಿಸಬೇಡಿ.

ಪುಗಾ ಸುಮಾರು 4,400 ಮೀಟರ್ ಎತ್ತರದಲ್ಲಿದೆ. ಅಷ್ಟೆತ್ತರದಲ್ಲಿ ನೀರು 85 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ನೂರು ಡಿಗ್ರಿ ಆಗಿಲ್ಲವೆಂದು ಕೈ ಹಾಕಿದರೆ ಸುಡದೆ ಇರುವುದಿಲ್ಲ. ಲೇಹ್‌ನಲ್ಲಿ ಎರಡು ದಿನ ತಂಗಿ ಮೈ ಒಗ್ಗಿಸಿಕೊಂಡು ಹೋಗಿ. ಗಡಿಭಾಗವಾದ್ದರಿಂದ ಡ್ರೋನ್ ಮನೆಯಲ್ಲೇ ಇರಲಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಬಿಡಿ ಬ್ಯಾಟರಿ ಎರಡನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟು ಸರದಿಯ ಮೇಲೆ ಬಳಸಿ. ವಿಮಾನದಲ್ಲಿ ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. ಕ್ಯಾಮೆರಾ ಬ್ಯಾಟರಿಗಳು ಸುಮಾರು 16 ವ್ಯಾಟ್-ಅವರ್, 100ರ ಮಿತಿಯೊಳಗೇ ಇವೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದ ಡ್ರೋನ್ ನಿಷೇಧವಿದೆ.

ಚಿತ್ರಕ್ಕಾಗಿ ಹಲಗೆ ದಾರಿಯಿಂದ ಒಂದು ಹೆಜ್ಜೆಯೂ ಇಳಿಯಬೇಡಿ. ಬುಗ್ಗೆಯ ಸುತ್ತ ಗಟ್ಟಿ ಕಾಣುವ ಬಿಳಿ ನೆಲ ಕೆಲವೆಡೆ ಹಪ್ಪಳದಷ್ಟು ತೆಳು, ಕೆಳಗೆ ಕುದಿನೀರು. ಯೆಲ್ಲೊಸ್ಟೋನಿನ ಬಿಸಿನೀರಿನಲ್ಲಿ ಇದುವರೆಗೆ 20ಕ್ಕೂ ಹೆಚ್ಚು ಜನ ಸುಟ್ಟು ಸತ್ತಿದ್ದಾರೆ. ಲೆನ್ಸ್ ಕ್ಯಾಪ್ ಆಚೆ ಬಿದ್ದರೆ ಬಿಟ್ಟುಬಿಡಿ. ಹಾಗೆ ಬೀಳದಂತೆ ಮೊದಲೇ ಜೇಬಿನಲ್ಲಿ ಹಾಕಿ ಗುಂಡಿ ಹಾಕಿಕೊಳ್ಳಿ.

ಅದೇ ಸಂಜೆ

ಮರುದಿನಕ್ಕೆ ಬಿಡಬೇಡಿ. ಡಿಸ್ಟಿಲ್ಡ್ ವಾಟರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಕ್ಯಾಮೆರಾದ ಮೈ, ಲೆನ್ಸಿನ ಹೊರಮೈ, ಹುಡ್ ಒರೆಸಿ. ಟ್ರೈಪಾಡ್ ಕಾಲುಗಳ ತಿರುಗುವ ಲಾಕ್ ಬಿಚ್ಚಿ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಮುಚ್ಚಿ. ಬುಗ್ಗೆಯ ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡಿನದು. ಕೈಯಲ್ಲಿನ ಬೆಳ್ಳಿ ಉಂಗುರ ಕಪ್ಪಾಗಿದ್ದರೆ ಕ್ಯಾಮೆರಾದ ಲೋಹದ ಸಂಪರ್ಕಗಳಿಗೂ ಅದೇ ಗಾಳಿ ತಾಗಿದೆ. ಲೆನ್ಸ್ ಮೌಂಟಿನ ಚಿನ್ನದ ಬಣ್ಣದ ಬಿಂದುಗಳು, ಬ್ಯಾಟರಿಯ ತುದಿಗಳನ್ನು 99 ಶೇಕಡ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಒಮ್ಮೆ ಒರೆಸಿ. ಫಿಲ್ಟರಿನ ಮೇಲೆ ಬಿಳಿ ಉಂಗುರ ಉಳಿದಿದ್ದರೆ ಒಂದು ತೊಟ್ಟು ವಿನೆಗರ್ ಹಾಕಿ ನೋಡಿ. ಯೆಲ್ಲೊಸ್ಟೋನಿನ ಮ್ಯಾಮತ್ ಬುಗ್ಗೆಗಳಂಥ ಸುಣ್ಣಕಲ್ಲಿನ ಜಾಗದ ಕಲೆಯಾದರೆ ಕರಗುತ್ತದೆ. ಕರಗದಿದ್ದರೆ ಅದು ಸಿಲಿಕಾ. ಆ ಫಿಲ್ಟರನ್ನು ಬದಿಗಿಟ್ಟು ಚೀಲದಲ್ಲಿರುವ ಎರಡನೆಯದನ್ನು ಹಾಕಿಕೊಳ್ಳಿ.